ಓಬಳಯ್ಯ ಮೇಷ್ಟ್ರು ಬರೆದ ತಲೆಬುರುಡೆ

"ಮೇಷ್ಟ್ರೇ, ಇದು ಕ್ಲಾಸಿಗೋ, ಕರೆಂಟ್ ಕಂಬಕ್ಕೋ?"

ಮಧುಗಿರಿಯ ಹೈಸ್ಕೂಲಿಗೆ ಹೊಸದಾಗಿ ಬಂದ ಸೈನ್ಸ್ ಟೀಚರ್ ಫಕ್ರುನ್ನೀಸಾ ಹಾಗೆ ಕೇಳಿದಾಗ ಡ್ರಾಯಿಂಗ್ ಮೇಷ್ಟ್ರು ಓಬಳಯ್ಯನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಿಜವಾದ ತಲೆಬುರುಡೆ ತರಿಸುವ ತಾಕತ್ತು ಸ್ಕೂಲಿಗೆ ಎಲ್ಲಿತ್ತು? ದೊಡ್ಡದೊಂದು ಚಾರ್ಟ್ ಬರೆದುಕೊಡಿ ಅಂತ ಹೆಡ್ಮಾಸ್ಟರ್ ಸಂಜೀವಯ್ಯ ಇವನಿಗೆ ಹೇಳಿದ್ದರು. ಪಾಪ, ಇವನು ಕಂಡಿದ್ದ ಬುರುಡೆ ಅಂದರೆ ಅಪಾಯದ ಬೋರ್ಡಿನದು ಒಂದೇ. ಅದನ್ನೇ ದೊಡ್ಡದು ಮಾಡಿ, ಕೆಳಗೆ ಎರಡು ಮೂಳೆಗಳನ್ನು ಅಡ್ಡಡ್ಡ ಇಟ್ಟು ತಂದಿದ್ದ.

"ನಗ್ಬೇಡಿ ಮೇಡಂ. ನಮ್ ಪಾವಗಡದ ಕಡೆ ಬುರುಡೆ ಅಂದ್ರೆ ಇಂಗೇ."

"ಅರೆ, ಪಾವಗಡದವರ ತಲೆ ಬೇರೆ ಥರಾನಾ?"

ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಬಾಯಿ ಮುಚ್ಚಿದರೆ ಸಾಕೇ, ಕಣ್ಣು ಕಾಣುವುದಿಲ್ಲವೇ? ಆ ಕಣ್ಣು ನಗುವುದನ್ನು ನೋಡಿ ಓಬಳಯ್ಯ ಅವತ್ತೇ ಕೆಟ್ಟ.

ಅವಳ ಕಾಲೇಜಿನ ಪುಸ್ತಕದಲ್ಲಿ ಬುರುಡೆಯ ಚಿತ್ರವೇನೋ ಇತ್ತು, ಆದರೆ ಬೆಂಕಿಪೊಟ್ಟಣದಷ್ಟು ಚಿಕ್ಕದು. ಎಲ್ಲಿ ಉಬ್ಬು, ಎಲ್ಲಿ ತಗ್ಗು, ಇವನಿಗೆ ತಿಳಿಯಲೊಲ್ಲದು.

"ಮುಟ್ಟಿ ನೋಡಿದ್ರೆ ಗೊತ್ತಾಗುತ್ತೆ," ಅಂದುಬಿಟ್ಟಳು. ಅಂದಮೇಲೆ ಯಾರದ್ದನ್ನು ಮುಟ್ಟುವುದು ಅಂತ ಇಬ್ಬರಿಗೂ ಹೊಳೆದು, ಇಬ್ಬರೂ ಕಿಟಕಿಯ ಕಡೆ ನೋಡಿದರು.

ಆಮೇಲೆ ಅವಳೇ ತನ್ನ ಹುಬ್ಬಿನ ಮೇಲೆ ಬೆರಳಿಟ್ಟುಕೊಂಡಳು. "ನಾನು ನನ್ನದು ತೋರಿಸ್ತೀನಿ. ನೀವು ನಿಮ್ಮದು ಮುಟ್ಕೊಳ್ಳಿ. ಇದು ಹಣೆಯ ಮೂಳೆ."

ಹಾಗೆ ಶುರುವಾಯಿತು. ಸಂಜೆ ಸ್ಕೂಲು ಬಿಟ್ಟಮೇಲೆ ಲ್ಯಾಬಿನ ಬಾಗಿಲು ಹಾರುಹೊಡೆದು, ಮೇಜಿನ ಆ ಕಡೆ ಅವಳು, ಈ ಕಡೆ ಇವನು. ಹೊಸ್ತಿಲಲ್ಲಿ ಸ್ಕೂಲಿನ ನೀರು ತುಂಬುವ ದಾಸಮ್ಮ ಎಲೆಅಡಿಕೆ ಜಗಿಯುತ್ತ ಕಾವಲು. ಫಕ್ರುನ್ನೀಸಾಳ ಬೆರಳು ಅವಳ ಕೆನ್ನೆಮೂಳೆಯ ಮೇಲೆ ಮೆಲ್ಲಗೆ ಕಿವಿಯ ಕಡೆ ಜಾರಿದರೆ, ಇವನ ಬೆರಳೂ ಇವನ ಕೆನ್ನೆಯ ಮೇಲೆ ಅಷ್ಟೇ ಮೆಲ್ಲಗೆ ಜಾರುತ್ತಿತ್ತು. ಮುಟ್ಟಿದ್ದು ತನ್ನ ಕೆನ್ನೆಯನ್ನೇ. ಮೈ ಝುಂ ಅಂದದ್ದು ಯಾಕೆ ಅಂತ ಕೇಳಬೇಡಿ.

"ಕಿವಿ ಹಿಂದೆ ಒಂದು ಗುಬುಟು ಇದೆ ನೋಡಿ," ಅಂತ ಒಂದು ದಿನ ಅವಳು ತಲೆಯ ಮೇಲಿನ ಸೆರಗನ್ನು ತುಸು ಸರಿಸಿದಳು. ಚಿಕ್ಕ ಕಿವಿ, ಹಸಿರು ಕಲ್ಲಿನ ಓಲೆ. ಓಬಳಯ್ಯ ನೋಡಿದ್ದು ಓಲೆಯನ್ನು.

"ಸಿಕ್ತಾ?"

"ಏನು ಮೇಡಂ?"

"ಗುಬುಟು!"

"ಥೂ ನಿಮ್ಮ! ಸತ್ತೋರ್ ಬುರುಡೆ ಮುಂದಿಟ್ಕಂಡು ನಗ್ತೀರಲ್ಲಾ," ಅಂತ ದಾಸಮ್ಮ ಹೊಸ್ತಿಲಿಂದ ಬೈದಳು. "ಅದ್ನ ನೋಡುದ್ರೆ ಉಂಡ ಮುದ್ದೆ ಈಚೆಗ್ ಬತ್ತದೆ ಕಣಪ್ಪ ನಂಗೆ!"

ಫಕ್ರುನ್ನೀಸಾ ಸಿರಾದ ಕರೀಮ್ ಸಾಬರ ಮಗಳು. ಮಧುಗಿರಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಕೆಲಸಕ್ಕೆ ಬರುತ್ತಿದ್ದವಳು. ಇವನು ಓಬಳಯ್ಯ. ೧೯೬೧ನೇ ಇಸವಿ. ಬಾಯಿಬಿಟ್ಟರೆ ಎರಡೂ ಊರು ಹೊತ್ತಿ ಉರಿಯುತ್ತವೆ ಅಂತ ಇವನಿಗೆ ಚೆನ್ನಾಗಿ ಗೊತ್ತಿತ್ತು. ಮದುವೆಯ ಮಾತು ಬಿಡಿ. ಅವಳು ಈ ಸ್ಕೂಲಿನಲ್ಲಿ ಇದ್ದರೆ ಸಾಕು, ಸಂಜೆ ಆ ಮೇಜಿನ ಆ ಕಡೆ ಕೂತರೆ ಸಾಕು. ಅಷ್ಟು ಆಸೆಯಾದರೂ ಬೇಡವೇ ಮನುಷ್ಯನಿಗೆ?

ಆದರೆ ಬುರುಡೆ ಮಾತ್ರ ಅವಳಿಗೆ ಒಪ್ಪಿಗೆಯಾಗುತ್ತಿರಲಿಲ್ಲ. ನೆತ್ತಿಯ ಮೂಳೆಗಳು ಕೂಡುವ ಗೆರೆಯನ್ನು ನೇರ ಎಳೆದರೆ, "ಇದೇನು ದರ್ಜಿ ಹೊಲಿಗೇನಾ? ಅಂಕುಡೊಂಕಾಗಿರಬೇಕು," ಅನ್ನುವಳು. ಅಂಕುಡೊಂಕು ಮಾಡಿದರೆ ಅದು ಜಾಸ್ತಿಯಾಯಿತು. ಕಣ್ಣಿನ ಗುಳಿ ದುಂಡಾದರೆ ತಪ್ಪು, ತುಸು ಚೌಕವಾದರೂ ತಪ್ಪು. ಓಬಳಯ್ಯ ಹಾಳೆಯ ಮೇಲೆ ಹಾಳೆ ಹರಿದ. ಶ್ರಾವಣದಲ್ಲಿ ಹಿಡಿದ ಚಾರ್ಟು ಸಂಕ್ರಾಂತಿ ಹತ್ತಿರ ಬಂದರೂ ಮುಗಿಯಲಿಲ್ಲ.

ಕೊನೆಗೆ ಕೆಳದವಡೆಗೆ ಬಂದರು.

"ತಲೆಯಲ್ಲಿ ಅಲ್ಲಾಡೋ ಮೂಳೆ ಇದೊಂದೇ," ಅಂದಳು, ಗಲ್ಲ ಹಿಡಿದುಕೊಂಡು. "ಉಳಿದವು ಬಾಯಿಮುಚ್ಕೊಂಡು ಕೂತಿರ್ತಾವೆ."

"ಅಂಗಾದ್ರೆ ಮಾತೆಲ್ಲ ಇದ್ರಿಂದ್ಲೇ ಅನ್ನಿ."

"ಹೂಂ. ಕೆಲವರಿಗೆ ಇದೂ ಅಲ್ಲಾಡಲ್ಲ."

ಅಂದು ಇವನನ್ನೇ ನೋಡಿದಳು. ಓಬಳಯ್ಯನ ನಾಲಿಗೆಯ ತುದಿಗೆ ಮಾತು ಬಂದಿತ್ತು. ನುಂಗಿಕೊಂಡು ಪೆನ್ಸಿಲ್ ಹೆರೆಯತೊಡಗಿದ.

ಶನಿವಾರ ಹೆಡ್ಮಾಸ್ಟರು ಇವನನ್ನು ಕರೆಸಿದರು. "ಏನಯ್ಯಾ ಓಬಳಯ್ಯ, ಮಂಗಳವಾರ ಇನ್ಸ್‌ಪೆಕ್ಷನ್ನು. ಚಾರ್ಟಿಲ್ಲ ಅಂದ್ರೆ ಕೇಳೋದು ಯಾರನ್ನ? ಆ ಸೈನ್ಸ್ ಮೇಡಂದು ಟೆಂಪರರಿ ಪೋಸ್ಟು. ತೆಗೆದುಹಾಕಿದ್ರೆ ನನ್ನ ಕೈಲಿ ಏನೂ ಇಲ್ಲ ಕಣಯ್ಯ."

ಓಬಳಯ್ಯ ಹೊಸ ಹಾಳೆಯೊಂದನ್ನು ಮನೆಗೆ ಒಯ್ದ. ಭಾನುವಾರ ಊಟ ತಿಂಡಿ ಬಿಟ್ಟು ಕೂತ. ಬುರುಡೆ ನೋಡಬೇಕಾದಾಗೆಲ್ಲ ಕಣ್ಣು ಮುಚ್ಚಿದ. ಅವಳ ಬೆರಳು ಎಲ್ಲೆಲ್ಲಿ ಓಡಾಡಿತ್ತೋ ಅಲ್ಲೆಲ್ಲ ಇವನ ಕುಂಚ ಓಡಾಡಿತು. ದೇವರಾಣೆ, ಅಂಥ ಚಿತ್ರವನ್ನು ಅವನು ಹಿಂದೆ ಬರೆದಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಬಂದಾಗ ಚಾರ್ಟು ಲ್ಯಾಬಿನ ಗೋಡೆಯ ಮೇಲಿತ್ತು. ನಗುತ್ತಾಳೆ ಅಂತ ಕಾದ. ಅವಳು ಬಾಗಿಲು ಹಿಡಿದು ನಿಂತುಬಿಟ್ಟಳು.

"ಯಾವಾಗ ಮುಗಿಸಿದ್ರಿ?"

"ನಿನ್ನೆ. ನಿಮ್ ಕೆಲ್ಸ ಹೋಗ್ಬುಡ್ತದೆ ಅಂದ್ರು, ಅದ್ಕೇ ಬಿಡದೆ ಕೂತೆ. ನಿಮ್ ತಂದೆಯವ್ರೂ ನೋಡಿದ್ರು ಮೇಡಂ! ಈಗ್ತಾನೆ ಹೆಡ್ಮಾಸ್ಟರು ಕರ್ಕೊಂಡ್ ಬಂದು ತೋರ್ಸುದ್ರು. ಸಾಬ್ರು ನನ್ ಬೆನ್ನು ತಟ್ಟುದ್ರು."

"ನಮ್ಮ ಅಬ್ಬಾ ನೋಡಿಬಿಟ್ರಾ?"

ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಮೆಲ್ಲಗೆ ಬಂದು ದಿನಾ ಕೂರುವ ಜಾಗದಲ್ಲಿ ಕೂತಳು.

"ಹಿಂದೂಪುರದಲ್ಲಿ ನನ್ನ ನಿಕಾಹ್ ಗೊತ್ತಾಗಿ ಬಹಳ ದಿನ ಆಯ್ತು, ಓಬಳಯ್ಯನವರೇ. ಒಪ್ಕೊಂಡ ಕೆಲಸ ಅರ್ಧಕ್ಕೆ ಬಿಡಲ್ಲ, ಚಾರ್ಟ್ ಮುಗಿಯೋ ತನಕ ಕರೀಬೇಡಿ ಅಂತ ಅಬ್ಬಾ ಹತ್ರ ಮಾತು ತಗೊಂಡಿದ್ದೆ. ಅವರು ಮಾತಿಗೆ ತಪ್ಪೋರಲ್ಲ. ಬಂದಾಗೆಲ್ಲ ಚಾರ್ಟ್ ಎಲ್ಲಿಗೆ ಬಂತು ಅಂತ ಕೇಳ್ಕೊಂಡೇ ಹೋಗೋರು."

ಅವಳು ಇವನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಆ ಸಂತೋಷ ಪಡುವುದಕ್ಕೂ ಪುರುಸೊತ್ತಾಗಲಿಲ್ಲ.

"ಅಂದ್ರೆ, ನೀವು ತೆಗೀತಿದ್ದ ತಪ್ಪುಗಳೆಲ್ಲ..."

"ಕಣ್ಣಿನ ಗುಳಿ ದಸರಾಕ್ಕೆ ಮುಂಚೇನೇ ಸರಿಯಾಗಿತ್ತು."

"ಒಂದ್ ಮಾತು ಹೇಳ್ಬಾರ್ದಿತ್ತಾ ಮೇಡಂ!"

"ಹೇಳಿದ್ರೆ ಏನು ಮಾಡ್ತಿದ್ರಿ?"

"ಬರೀತಾನೇ ಇರ್ತಿದ್ದೆ. ಸಾಯೋ ತನ್ಕ ಅದೊಂದೇ ಬುರುಡೆ ಬರೀತಾ ನಿಮ್ ಮುಂದೆ ಕೂತಿರ್ತಿದ್ದೆ." ಕೊನೆಗೂ ಹೇಳಿಬಿಟ್ಟಿದ್ದ. ಹೇಳಿ ಏನು ಬಂತು?

ಅವಳು ಅಳುತ್ತಿದ್ದಳು. ಮೇಜು ಮಧ್ಯದಲ್ಲಿತ್ತು. ತನ್ನ ಕಣ್ಣನ್ನು ತಾನೇ ಒರೆಸಿಕೊಂಡಳು. ಇವನೂ ಅಷ್ಟೇ.

ಹೆಡ್ಮಾಸ್ಟರ ರೂಮಿನಿಂದ ಕರೀಮ್ ಸಾಬರ ದನಿ ಕೇಳಿಸಿತು. "ಬೇಟಾ, ಬಾ ಇಲ್ಲಿ. ರಾಜೀನಾಮೆಗೆ ಸೈನ್ ಮಾಡಬೇಕಂತೆ."

ಓಬಳಯ್ಯ ಗಾಬರಿಯಿಂದ ಎದ್ದು ಗೋಡೆಯ ಹತ್ತಿರ ಹೋದ. "ಸರ್ಯಾಗಿ ನೋಡಿ ಮೇಡಂ. ಏನಾರ ತಪ್ಪು ಇದ್ದೇ ಇರ್ತದೆ. ನಾನೇನು ಡಾಕ್ಟ್ರಾ? ಹಲ್ಲು ನೋಡಿ, ಮೂಗಿನ ಹತ್ರ ನೋಡಿ. ಒಂದೇ ಒಂದು ತಪ್ಪು ತೋರ್ಸಿ, ಈಗ್ಲೇ ಹರಿದು ಹಾಕಿ ಹೊಸ್ದು ಶುರು ಮಾಡ್ತೀನಿ!"

ಅವಳು ಹತ್ತಿರ ಬಂದು ನಿಂತಳು. ಹಣೆಯಿಂದ ಹಿಡಿದು ಕೆಳದವಡೆಯವರೆಗೆ, ಒಂದು ಮೂಳೆಯನ್ನೂ ಬಿಡದೆ, ಬಹಳ ಹೊತ್ತು ಹುಡುಕಿದಳು.

"ಒಂದೂ ಇಲ್ಲ ಮೇಷ್ಟ್ರೇ," ಅಂದು ಸೆರಗು ಹೊದ್ದು ಹೊರಗೆ ಹೋದಳು.