ನಾಲ್ಕು ಗಂಟೆಗೆ ಪಿನ್ ಹದಿನೆಂಟು

ನನ್ನ ಕಾಲು ನೆಲ ಬಿಟ್ಟು ಎರಡು ಅಡಿ ಮೇಲಿತ್ತು.

ಎಡಕ್ಕೆ ಯಾರದೋ ಕೋಟು. ಬಲಕ್ಕೆ ಯಾರದೋ ಕಿಟಕಿಯ ಪರದೆ. ನಡುವೆ ನಾನು... ಕಾಲರ್‌ಗೆ ಕೊಕ್ಕೆ ಸಿಕ್ಕಿಕೊಂಡು, ಒಗೆದ ಶರ್ಟಿನ ಹಾಗೆ ತೂಗಾಡುತ್ತಿದ್ದೆ!

ಕೊಕ್ಕೆಗಳ ಸರಪಳಿ ಮುಂದೆ ಸಾಗುತ್ತಿತ್ತು. ಹತ್ತು ಅಡಿ ಆಚೆ ಹಬೆಪೆಟ್ಟಿಗೆ. ಒಳಗೆ ಹೋದ ಬಟ್ಟೆ ಸುಕ್ಕು ಬಿಟ್ಟು ನೆಟ್ಟಗಾಗಿ ಹೊರಬರುತ್ತದೆ. ಮನುಷ್ಯ ಹೋದರೆ ಏನಾಗುತ್ತಾನೋ, ಯಾರೂ ನೋಡಿರಲಿಲ್ಲ.

"ಪ್ಲಗ್ ಕೀಳಿ!" ಎಂದು ಕೂಗಿದೆ.

ಅಂಗಡಿಯ ಆಳು ಇಸ್ತ್ರಿಯಣ್ಣ ಓಡಿಹೋಗಿ ಒಂದು ಪ್ಲಗ್ ಕಿತ್ತ. ಫ್ಯಾನ್ ನಿಂತಿತು. ನಾನು ನಿಲ್ಲಲಿಲ್ಲ.

"ಅದಲ್ಲಯ್ಯಾ!"

ಇನ್ನೊಂದು ಕಿತ್ತ. ರೇಡಿಯೋ ನಿಂತಿತು.

ಡ್ರೈಕ್ಲೀನಿಂಗ್ ಅಂಗಡಿಯ ಒಡತಿ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನನ್ನ ಪಕ್ಕದಲ್ಲೇ ನಡೆದು ಬರುತ್ತಿದ್ದರು.

"ಕಳ್ಳನ್ನ ಹಿಡೀರಿ ಅಂತ ಕರೆಸಿದ್ರೆ ನೀವೇ ನೇತಾಡ್ತಿದ್ದೀರಲ್ಲ!"

"ತನಿಖೆ ನಡೀತಿದೆ ಅಕ್ಕಾ..."

ಹಬೆಪೆಟ್ಟಿಗೆ ಬರುವಷ್ಟರಲ್ಲಿ ಕೇಸು ಹೇಳಿಬಿಡುತ್ತೇನೆ, ಕೇಳಿ. ವೈರಿನ ಗಂಟು ಬಿಡಿಸುವುದು, ಗುಟ್ಟು ಬಿಡಿಸುವುದು, ಎರಡೂ ನನ್ನ ಕಸುಬು. ಆ ಅಂಗಡಿಯಲ್ಲಿ ಒಂದೇ ವಾರದಲ್ಲಿ ಮೂರು ಕೋಟು ಮಾಯ. ದಿನಾ ಸರಿಯಾಗಿ ನಾಲ್ಕಕ್ಕೆ ಸರಪಳಿ ತಾನಾಗಿಯೇ ಓಡುತ್ತಿತ್ತು. ಅಕ್ಕನಿಗೆ ಇಸ್ತ್ರಿಯಣ್ಣನ ಮೇಲೆ ಅನುಮಾನ. ಹನ್ನೆರಡು ವರ್ಷದಲ್ಲಿ ಒಂದು ಗುಂಡಿಯನ್ನೂ ಕಳೆಯದ ಆಳು! 'ಐದರೊಳಗೆ ಕೋಟು ಸಿಗದಿದ್ದರೆ ನಾಳೆಯಿಂದ ಬರಬೇಡ' ಎಂದುಬಿಟ್ಟಿದ್ದರು. ಅವನು ತುಟಿ ಪಿಟಕ್ಕೆನ್ನಲಿಲ್ಲ.

ಸರಪಳಿಯನ್ನು ಆಳುವುದು ಗೋಡೆಗೆ ಕೂರಿಸಿದ ಅಂಗೈಯಗಲದ ಲಿನಕ್ಸ್ ಬೋರ್ಡು, ಮೈತುಂಬ ವೈರ್ ಸಿಕ್ಕಿಸುವ ಪಿನ್ನುಗಳಿರುವ ಪುಟಾಣಿ ಕಂಪ್ಯೂಟರ್. ಕೂರಿಸಿದವರು ಅಕ್ಕನ ಯಜಮಾನರು, ನಿವೃತ್ತ ರೇಖಾಗಣಿತದ ಮೇಷ್ಟ್ರು. ಅವರಿಗೆ ಕೋಡ್ ಬರೆಯಲು ಬಾರದು. ಬೇಕಾಗಿಯೂ ಇಲ್ಲ. ಕಂಪ್ಯೂಟರಿನಲ್ಲಿ ಚೌಕ ಇಡುವುದು, ಗೆರೆ ಎಳೆಯುವುದು. 'ಬಟನ್' ಎಂಬ ಚೌಕದಿಂದ 'ಪಿನ್ ಹದಿನೆಂಟು' ಎಂಬ ಚೌಕಕ್ಕೆ ಒಂದು ಗೆರೆ. ಬಟನ್ ಒತ್ತಿದರೆ ಬೋರ್ಡಿನ ಆ ಪಿನ್ನು ಜೀವ ಪಡೆದು ಮೋಟಾರು ತಿರುಗಿಸುತ್ತದೆ. ಅಲ್ಲಿಂದಲೇ ಇನ್ನೊಂದು ಗೆರೆ, ಪಿನ್ ಇಪ್ಪತ್ಮೂರಕ್ಕೆ. ಅದು ಹಬೆ. ಅಷ್ಟೇ!

ನಾನು ಸ್ಟೂಲ್ ಹತ್ತಿ ಪಿನ್ನು ಎಣಿಸುತ್ತಿದ್ದೆ. ಗಡಿಯಾರ ನಾಲ್ಕು ಹೊಡೆಯಿತು. ಯಾರೂ ಬಟನ್ ಒತ್ತಲಿಲ್ಲ...

ಕೊಕ್ಕೆ ನನ್ನನ್ನು ಎತ್ತಿಕೊಂಡು ಹೊರಟಿತು.

ಪೆಟ್ಟಿಗೆಯ ಬಾಯಿ ಬಂದೇಬಿಟ್ಟಿತು. ಕಣ್ಣು ಮುಚ್ಚಿದೆ. ಕತ್ತಲು. ತಗಡಿನ ವಾಸನೆ...

ತಣ್ಣಗಿತ್ತು!

ಸರಪಳಿ ಓಡಿದರೆ ಹಬೆ ಬರಲೇಬೇಕು. ಅಂದರೆ ಯಾರೋ ಬೇಕೆಂದೇ ನಿಲ್ಲಿಸಿದ್ದಾರೆ. ಒದ್ದೆಯಾಗಬಾರದ ಸರಕೇನೋ ಈ ದಾರಿಯಲ್ಲಿ ಸಾಗುತ್ತಿದೆ!

ಪೆಟ್ಟಿಗೆಯಾಚೆ ಹಿಂದಿನ ಕೋಣೆ. ಕುರ್ಚಿಯಲ್ಲಿ ಮೇಷ್ಟ್ರು. ಕಣ್ಣು ಪದಬಂಧದ ಮೇಲೆ. ಒಂದು ಕೈ ಮಾತ್ರ ಸರಪಳಿಯತ್ತ ಚಾಚಿತ್ತು. ಆ ಕೈ ಬಂದು ನನ್ನ ಮೂಗು ಹಿಡಿಯಿತು.

"ಇವತ್ತು ಬನ್ ಬಿಸಿಯಾಗಿದೆ..." ಎಂದರು, ತಲೆ ಎತ್ತದೆ.

"ಅದು ಮೂಗು ಸಾರ್!"

ಅಷ್ಟರಲ್ಲಿ ತಿರುವು ಬಂತು. ಕಾಲರ್ ಪರ್ರನೆ ಹರಿಯಿತು. ಹಳೆಯ ಬಾಯ್ಲರಿನ ಹಿಂದಕ್ಕೆ ಧೊಪ್ಪನೆ ಬಿದ್ದೆ.

ಬಿದ್ದ ಜಾಗ ಮೆತ್ತಗಿತ್ತು. ಕೈಯಾಡಿಸಿದೆ. ಒಂದು ಕೋಟು... ಎರಡು... ಮೂರು! ಬಟನ್ ಒತ್ತಿ ಓಡಿಸಿದಾಗ ಬಟ್ಟೆಯನ್ನು ತಿರುವಿಗೆ ಮುಂಚೆಯೇ ಇಳಿಸುತ್ತಾರೆ; ನಾಲ್ಕರ ಓಟದಲ್ಲಿ ಇಳಿಸುವವರಿಲ್ಲದೆ ದಪ್ಪ ಕೋಟೆಲ್ಲ ಇಲ್ಲಿ ಕೊಕ್ಕೆಯಿಂದ ಜಾರಿ ಬಿದ್ದಿದ್ದವು. ಕಳ್ಳ ಎಂಬುವನೇ ಇರಲಿಲ್ಲ.

ಎದ್ದು ಮೇಷ್ಟ್ರ ಮುಂದೆ ನಿಂತೆ.

"ಎಷ್ಟು ದಿನದಿಂದ?"

"ಒಂದು ವಾರ... ಸಕ್ಕರೆ ಕಾಯಿಲೆ ಅಂತ ನಮ್ಮವಳು ಸಿಹಿ ಮುಟ್ಟಿಸಲ್ಲ ಕಣ್ರೀ. ಪಾಪ, ಇಸ್ತ್ರಿಯವನು ಆ ಕಡೆಯಿಂದ ಒಂದು ಬನ್ ನೇತುಹಾಕ್ತಾನೆ."

"ಐದಕ್ಕೆ ಅವನ ಕೆಲಸ ಹೋಗುತ್ತೆ. ಕೋಟು ಕದ್ದ ಅಂತ. ನಿಮ್ಮ ಹೆಸರು ಎತ್ತಿಲ್ಲ ಅವನು."

ಮೇಷ್ಟ್ರ ಕೈಯಿಂದ ಪೆನ್ಸಿಲ್ ಬಿತ್ತು.

"ನನಗೊಂದು ಮಾತು ಹೇಳ್ಬಾರ್ದಿತ್ತಾ..." ಪದಬಂಧ ಮಡಚಿಟ್ಟರು. "ನೀವು ಅವಳಿಗೆ ಹೇಳ್ತೀರಾ?"

"ಇಲ್ಲ. ನೀವೇ ಹೇಳ್ತೀರಿ."

"ಅದಕ್ಕಿಂತ ಸಾಯೋದು ಸುಲಭ ಕಣ್ರೀ!"

ಆದರೂ ಎದ್ದರು. ಮೂರೂ ಕೋಟು ಹೆಗಲ ಮೇಲೆ ಹಾಕಿಕೊಂಡು, ಗಲ್ಲಿಗೆ ನಡೆಯುವವರ ಹಾಗೆ ಮುಂಗಡೆಗೆ ನಡೆದರು.

"ಅವನದೇನೂ ತಪ್ಪಿಲ್ಲ ಕಣೇ. ಎಲ್ಲಾ ನಂದೇ."

ಕಂಪ್ಯೂಟರ್ ತೆರೆದು ತೋರಿಸಿದರು. ನಾನು ಮೊದಲ ಪುಟ ಮಾತ್ರ ನೋಡಿದ್ದೆ. ಹಿಂದೆ ಎರಡನೆಯದೊಂದು ಅಡಗಿತ್ತು! ಅದರಲ್ಲಿ ಒಂದು ಗಡಿಯಾರದ ಚೌಕ. ಅದರಿಂದ ಎರಡು ಗೆರೆ. ನಾಲ್ಕಕ್ಕೆ ಪಿನ್ ಹದಿನೆಂಟು ಆನ್. ಪಿನ್ ಇಪ್ಪತ್ಮೂರು ಆಫ್. ಬನ್ ನೆನೆಯಬಾರದಲ್ಲ!

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಕೂಸು ನೂರು ಕೆಜಿ ತೂಗುತ್ತಿತ್ತು, ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದಿತ್ತು.

ಅಕ್ಕ ಮೊದಲು ಅವನ ಕಡೆ ತಿರುಗಿದರು.

"ತಪ್ಪಾಯ್ತಪ್ಪಾ. ನೀನೆಲ್ಲೂ ಹೋಗ್ಬೇಡ. ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಂಗೆ?"

"ಮೇಷ್ಟ್ರಿಗೆ ಮಾತು ಕೊಟ್ಟಿದ್ದೆ ಅಕ್ಕಾ..."

ಇಸ್ತ್ರಿಯಣ್ಣ ಕಣ್ಣೊರೆಸಿಕೊಂಡ. ಗಿರಾಕಿಯ ಶರ್ಟಿನಲ್ಲಿ. ಆಮೇಲೆ ಅದಕ್ಕೆ ಮತ್ತೆ ಇಸ್ತ್ರಿ ಹಾಕಿದ.

ಅಕ್ಕ ಕಂಪ್ಯೂಟರಿನ ಮುಂದೆ ಕುಳಿತರು. ಗಡಿಯಾರದ ಚೌಕ ಅಳಿಸಿದರು. ಮೌಸ್ ಬಿಡಲಿಲ್ಲ.

"ಇವರ ಕುರ್ಚಿ ಕೆಳಗೆ ಒಂದು ಸ್ವಿಚ್ ಇಟ್ರೆ, ಸಿಹಿ ಹುಡುಕ್ಕೊಂಡು ಎದ್ದ ಕೂಡಲೇ ಇಲ್ಲಿ ಬೆಲ್ ಹೊಡಿಯುತ್ತಾ?"

"ಹೊಡಿಯುತ್ತೆ ಅಕ್ಕಾ."

"ಖಾಲಿ ಪಿನ್ ಯಾವ್ದಿದೆ?"

ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ಕಣ್ಣಲ್ಲಿ ನೀರಿತ್ತು. ನಾನು ಬೋರ್ಡಿನ ಕಡೆ ತಿರುಗಿದೆ.

"ಇಪ್ಪತ್ನಾಲ್ಕು."

ಗಂಡ ಹೆಂಡಿರ ನಡುವೆ ಗೆರೆ ಎಳೆದವರು ಲೋಕದಲ್ಲಿ ಎಷ್ಟೋ ಜನ... ಪಿನ್ ನಂಬರ್ ಕೊಟ್ಟು ಎಳೆದವನು ಮಾತ್ರ ನಾನೊಬ್ಬನೇ!