ಸ್ಟಾಪ್ ಇಲ್ಲದ ಜಾಗದಲ್ಲಿ

ಬಸ್ಸು ಗಕ್ಕನೆ ನಿಂತಿತು. ಕಂಬಿ ಹಿಡಿದು ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ವಾಲಿದರು.

"ಇದ್ಯಾವ ಸ್ಟಾಪು?" ಎಂದು ಹಿಂದಿನಿಂದ ಯಾರೋ ಕೂಗಿದರು.

ಅದು ಸ್ಟಾಪೇ ಅಲ್ಲ. ಒಂದು ಕಡೆ ಪೆಟ್ರೋಲ್ ಬಂಕ್, ಇನ್ನೊಂದು ಕಡೆ ಉದ್ದನೆಯ ಗೋಡೆ, ಅಷ್ಟೇ. ಡ್ರೈವರ್ ಆಗಲೇ ತಮ್ಮ ಬಾಗಿಲು ತೆಗೆದು ಕೆಳಕ್ಕೆ ಹಾರಿದ್ದರು. ಒಂದು ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿದು ಬಂಕಿನ ಹಿಂಭಾಗಕ್ಕೆ ಓಡುತ್ತಿದ್ದರು.

ಎರಡನೇ ಸಾಲಿನಲ್ಲಿ ಕೂತಿದ್ದ ಚೋಟಿ ಸೀಟಿನಲ್ಲೇ ಕೆಳಕ್ಕೆ ಜಾರಿದಳು. ಅವಳು ಮೊದಲೇ ಚೋಟುದ್ದ. ವಯಸ್ಸು ಹತ್ತಾದರೂ ನೋಡಿದವರು ಏಳು ಅನ್ನುತ್ತಿದ್ದರು. ಅದಕ್ಕೇ ಆ ಹೆಸರು. ಈಗಂತೂ ಅವಳ ತಲೆಯೂ ಕಾಣದಂತಾಯಿತು.

"ಏನಮ್ಮಾ ಕಂಡಕ್ಟರ್, ನಿಮ್ಮ ಡ್ರೈವರ್ ಬಸ್ ಬಿಟ್ಟು ಓಡಿಹೋದನಲ್ಲ!"

"ಎರಡೇ ನಿಮಿಷ ಸರ್," ಎಂದರು ಕಂಡಕ್ಟರ್ ಆಂಟಿ.

ಎರಡು ನಾಲ್ಕಾಯಿತು. ನಾಲ್ಕು ಏಳಾಯಿತು.

"ನಮಗೇನು ಆಫೀಸಿಲ್ವಾ?"

"ಬೆಳಿಗ್ಗೆ ಬೆಳಿಗ್ಗೆ ಹೊಟ್ಟೆ ಬಿರಿಯೋ ಹಾಗೆ ತಿಂದ್ರೆ ಇನ್ನೇನಾಗುತ್ತೆ!" ಎಂದರು ಒಬ್ಬರು. ಅರ್ಧ ಬಸ್ಸು ನಕ್ಕಿತು.

ಚೋಟಿಯ ಪಕ್ಕ ಕೂತಿದ್ದ ಹುಡುಗಿಯೂ ಕಿಸಕ್ಕನೆ ನಕ್ಕಳು. ಅವಳು ಚೋಟಿಯ ಕ್ಲಾಸಿನವಳೇ. ಎಲ್ಲರೂ ಅವಳನ್ನು ರೇಡಿಯೋ ಅನ್ನುತ್ತಾರೆ. ಅವಳ ಕಿವಿಗೆ ಬಿದ್ದ ಸುದ್ದಿ ಮಧ್ಯಾಹ್ನದ ಬೆಲ್ಲಿನೊಳಗೆ ಇಡೀ ಸ್ಕೂಲಿಗೆ ಗೊತ್ತು. ಮನೆ ಬದಲಾಯಿಸಿದ್ದರಿಂದ ಆ ಮಂಗಳವಾರ ಮೊದಲ ಸಲ ಈ ಬಸ್ಸು ಹತ್ತಿದ್ದಳು.

"ಏಯ್, ಹದಿನಾಲ್ಕನೇ ನಂಬರ್ ಬಸ್ಸಿಗೆ ನಿಮ್ಮಪ್ಪನೇ ಡ್ರೈವರ್ ಅಂತಿದ್ಯಲ್ಲ? ಇವರೇನಾ?"

"ಅಲ್ಲ," ಎಂದಳು ಚೋಟಿ. ಮಾತು ತಾನಾಗಿಯೇ ಬಾಯಿಂದ ಜಾರಿತ್ತು. "ನಮ್ಮಪ್ಪ ಇವತ್ತು ರಜಾ. ಇವರು ಬೇರೆ ಯಾರೋ."

ಹೇಳಿ ತಲೆಯೆತ್ತಿದರೆ, ಡ್ರೈವರ್ ಸೀಟಿನಲ್ಲಿ ಅಪ್ಪ ಬಂದು ಕೂತಾಗಿತ್ತು. ಕರ್ಚೀಫಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಅವನ ಕೈ ಒಂದು ಕ್ಷಣ ಹಾಗೇ ನಿಂತಿತು. ಹಿಂದೆ ಮಾತ್ರ ತಿರುಗಲಿಲ್ಲ. ಬಸ್ಸು ಹೊರಟಿತು.

ದಿನವೂ ಇಳಿಯುವಾಗ ಚೋಟಿ ಮುಂದಿನ ಬಾಗಿಲಿಗೆ ಹೋಗಿ "ಬರ್ತೀನಪ್ಪಾ" ಅನ್ನುತ್ತಿದ್ದಳು. ಅವತ್ತು ಹಿಂದಿನ ಬಾಗಿಲಿನಿಂದ ಇಳಿದಳು.

ಅಪ್ಪನ ಹೊಟ್ಟೆಯ ತೊಂದರೆ ಶುರುವಾಗಿ ಐದು ತಿಂಗಳಾಗಿತ್ತು. ಮೊದಮೊದಲು ಎಲ್ಲರೂ "ಏನೋ ತಿಂದಿದ್ದು ಒಗ್ಗಿಲ್ಲ" ಅಂದರು. ಆಮೇಲೆ ಮಲದಲ್ಲಿ ರಕ್ತ ಹೋಗತೊಡಗಿತು. ತೂಕ ಇಳಿಯಿತು. ಯೂನಿಫಾರ್ಮಿನ ಪ್ಯಾಂಟು ಜಾರುತ್ತದೆಂದು ಅಮ್ಮ ಎರಡು ಸಲ ಹೊಲಿಗೆ ಹಾಕಿ ಬಿಗಿ ಮಾಡಿದಳು. ಆಸ್ಪತ್ರೆಯಲ್ಲಿ ಪುಟ್ಟ ಕ್ಯಾಮೆರಾ ಇರುವ ಟ್ಯೂಬ್ ಹಾಕಿ ಕರುಳಿನ ಒಳಗೆಲ್ಲ ನೋಡಿದರು. ಚೂರೇ ಚೂರು ತೆಗೆದು ಲ್ಯಾಬಿಗೂ ಕಳಿಸಿದರು. ಊತ ಇದೆ, ಹುಣ್ಣು ಇದೆ ಎಂಬುದು ಖಾತ್ರಿಯಾಯಿತು. ಆದರೆ ಇಂಥ ಕಾಯಿಲೆಗಳು ಮುಖ್ಯವಾಗಿ ಎರಡು ಇವೆಯಂತೆ.

"ಅವಳಿಜವಳಿ ಮಕ್ಕಳ ಹಾಗೆ," ಎಂದಿದ್ದರಂತೆ ಡಾಕ್ಟರಮ್ಮ. "ಇದು ಅಕ್ಕನೋ ತಂಗಿಯೋ ಈಗಲೇ ಹೇಳೋಕಾಗ್ತಿಲ್ಲ. ಕಾದು ನೋಡೋಣ."

ಕಾದು ನೋಡುವುದು ಅಂದರೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮಾತ್ರೆ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಕೆಲವು ವಾರ ಅಪ್ಪ ಆರಾಮಾಗಿರುತ್ತಿದ್ದ. ಕೆಲವು ದಿನ ಹೀಗೆ ಓಡುತ್ತಿದ್ದ.

ಆ ಸಂಜೆ ಅಪ್ಪ ಬೈಯಲಿಲ್ಲ. "ಲೆಕ್ಕದ ಟೆಸ್ಟ್ ಏನಾಯ್ತು?" ಎಂದಷ್ಟೇ ಕೇಳಿದ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಚೋಟಿಗೆ.

ಮರುದಿನದಿಂದ ಅವಳು ಅರ್ಧ ಗಂಟೆ ಮೊದಲೇ ಹೊರಟು ಬೇರೆ ಬಸ್ಸು ಹಿಡಿದಳು. "ಸ್ಕೂಲಲ್ಲಿ ಪ್ರಾಕ್ಟೀಸ್ ಇದೆ," ಅಂದಳು. ಎಂಥ ಪ್ರಾಕ್ಟೀಸ್ ಎಂದು ಅಪ್ಪ ಕೇಳಲಿಲ್ಲ.

ಶನಿವಾರ ಅಪ್ಪ ಮಾತ್ರೆಯ ಡಬ್ಬಿಯನ್ನು ಮರೆತು ಹೋಗಿದ್ದ. "ಓಡು, ಡಿಪೋಗೆ ಹೋಗಿ ಕೊಟ್ಟು ಬಾ," ಎಂದಳು ಅಮ್ಮ.

ಡಿಪೋ ಮನೆಯಿಂದ ಎರಡೇ ಬೀದಿ ಆಚೆ. ಅಲ್ಲಿ ಬಸ್ಸುಗಳು ಸಾಲಾಗಿ ನಿಂತು ಸ್ನಾನ ಮಾಡಿಸಿಕೊಳ್ಳುತ್ತಿದ್ದವು. ನೆಲದ ನೀರಿನಲ್ಲಿ ಎಣ್ಣೆಯ ಬಣ್ಣ ಬಣ್ಣದ ಗೆರೆಗಳು. ಚೋಟಿ ಅವನ್ನು ದಾಟಿಕೊಂಡು ಆಫೀಸಿನ ಬಾಗಿಲಿಗೆ ಬಂದಳು. ಒಳಗೆ ಗುಮಾಸ್ತರ ಮೇಜಿನ ಮುಂದೆ ಅಪ್ಪ ನಿಂತಿದ್ದ.

"ಹದಿನಾಲ್ಕರಲ್ಲಿ ಐವತ್ತು ನಿಮಿಷ ಯಾವ ಸ್ಟಾಪಲ್ಲೂ ಟಾಯ್ಲೆಟ್ ಇಲ್ಲ ಸರ್. ಆರನೇ ನಂಬರಿಗೆ ಹಾಕಿದ್ರೆ ಕಾಲು ಗಂಟೆಗೊಂದು ಸ್ಟ್ಯಾಂಡ್ ಸಿಗುತ್ತೆ. ಅಷ್ಟೇ ಕೇಳ್ತಿರೋದು."

"ನಾನೆಲ್ಲಿ ಬೇಡ ಅಂದೆ?" ಎಂದರು ಗುಮಾಸ್ತರು. "ಈ ಫಾರಂ ನೋಡಿ. ಕಾಯಿಲೆಯ ಹೆಸರು ಅಂತ ಇದೆ. ಖಾಲಿ ಬಿಟ್ರೆ ಮೇಲಿನವರು ವಾಪಸ್ ಕಳಿಸ್ತಾರೆ."

"ಡಾಕ್ಟರ್ ಬರೆದಿದ್ದಾರಲ್ಲ ಸರ್, 'ಇನ್ನೂ ಖಚಿತವಾಗಿಲ್ಲ' ಅಂತ."

"ಖಚಿತವಾಗಿಲ್ಲ ಅನ್ನೋದು ಒಂದು ಹೆಸರಾ?"

"ಏನು ಮಾಡೋದು ಸರ್, ಹೆಸರಿಡೋದು ಇನ್ನೂ ಬಾಕಿ. ಮಗು ಮಾತ್ರ ಆಗಲೇ ರಂಪ ಮಾಡ್ತಿದೆ."

ಗುಮಾಸ್ತರು ನಕ್ಕರು. ನಕ್ಕು, ಫಾರಂ ವಾಪಸ್ ಕೊಟ್ಟರು.

ಚೋಟಿ ಒಳಗೆ ಹೋಗಲಿಲ್ಲ. ಪಕ್ಕದ ರೂಮಿನಲ್ಲಿ ಕಂಡಕ್ಟರ್ ಆಂಟಿ ಊಟಕ್ಕೆ ಕೂತಿದ್ದರು. ಮುಂದೆ ಎರಡು ಡಬ್ಬಿಗಳಿದ್ದವು. ಒಂದರ ಮುಚ್ಚಳದ ಮೇಲೆ ಚೋಟಿಯೇ ಅಂಟಿಸಿದ್ದ ಸ್ಟಿಕ್ಕರ್ ಇತ್ತು.

"ಆಂಟಿ, ಇದು ನಮ್ಮಪ್ಪಂದಲ್ವಾ?"

ಆಂಟಿ ಕೈ ತಡೆದರು. "ಹೂಂ ಕಣೇ. ಮಂಗಳವಾರದಿಂದ ನಿಮ್ಮಪ್ಪ ಡಬ್ಬಿ ಮುಟ್ಟಿಲ್ಲ. ಡ್ಯೂಟಿ ಮುಗಿಯೋವರೆಗೂ ಒಂದು ಗುಟುಕು ನೀರೂ ಇಲ್ಲ. ತಿಂದ್ರೆ ತಾನೆ ಬಸ್ ನಿಲ್ಲಿಸಬೇಕಾಗೋದು, ಮಗಳ ಸ್ಕೂಲ್ ಮಕ್ಕಳೆಲ್ಲ ಬಸ್ಸಲ್ಲಿರ್ತಾರೆ ಅಂತಾರೆ. ಡಬ್ಬಿ ತುಂಬಿದ ಹಾಗೇ ಹೋದ್ರೆ ನಿಮ್ಮಮ್ಮಂಗೆ ಗೊತ್ತಾಗುತ್ತೆ ಅಂತ ನನ್ನ ಕೈಲಿ ಖಾಲಿ ಮಾಡಿಸ್ತಾರೆ. ನಿನ್ನೆ ಸಂಜೆ ಬಸ್ಸಿಂದ ಇಳಿಯುವಾಗ ಕೈಕಾಲು ನಡುಗ್ತಿತ್ತು ಕಣೇ. ನಾನು ಹೇಳಿದ್ರೆ ಕೇಳಲ್ಲ."

ಮಂಗಳವಾರ ಚೋಟಿ ಏನಂದಿದ್ದಳೆಂದು ಆಂಟಿಗೆ ಗೊತ್ತಿರಲಿಲ್ಲ. ಚೋಟಿಗೆ ಗೊತ್ತಿತ್ತು.

ಅಪ್ಪ ಹೊರಗೆ ಬಂದಾಗ ಅವಳು ಮಾತ್ರೆ ಕೊಟ್ಟಳು. ಇಬ್ಬರೂ ಟೈರುಗಳ ರಾಶಿಯ ಪಕ್ಕದ ಕಟ್ಟೆಯ ಮೇಲೆ ಕೂತರು.

"ಅಪ್ಪಾ, ಡಾಕ್ಟರಿಗೆ ಯಾಕೆ ಗೊತ್ತಾಗ್ತಿಲ್ಲ? ಅವರು ದಡ್ಡರಾ?"

"ಇಲ್ಲ ಕಣೇ, ಅವರು ಜಾಣೆ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಹೇಳ್ತಾರಲ್ಲ. ಕೆಲವರಿಗೆ ಇದು ಪೂರ್ತಿ ಮುಖ ತೋರಿಸೋಕೆ ವರ್ಷಗಟ್ಟಲೆ ಹಿಡಿಯುತ್ತಂತೆ."

"ಭಯ ಆಗಲ್ವಾ ನಿಂಗೆ?"

ಅಪ್ಪ ಮಾತ್ರೆಯ ಡಬ್ಬಿಯನ್ನು ಜೇಬಿಗಿಟ್ಟ. "ಆಗುತ್ತೆ. ಹೆಸರಿಗಿಂತ ಹೆಚ್ಚು ಆ ಐವತ್ತು ನಿಮಿಷಕ್ಕೆ ಭಯ ಆಗುತ್ತೆ. ಬಸ್ ನಿಂತ ಕೂಡ್ಲೆ ಎಲ್ಲರೂ ನನ್ನೇ ನೋಡ್ತಾರಲ್ಲ, ಅದಕ್ಕೆ."

"ನಾನು ಅವತ್ತು…" ಎಂದಳು ಚೋಟಿ.

"ಕೇಳಿಸ್ತು," ಎಂದ ಅಪ್ಪ. "ನಿನ್ನ ವಯಸ್ಸಲ್ಲಿ ನಾನಾಗಿದ್ರೆ ಬಸ್ಸಿಂದಾನೇ ಇಳಿದು ಓಡ್ತಿದ್ದೆ."

ಚೋಟಿ ಎದ್ದು ಹೋಗಿ ಸ್ಟಿಕ್ಕರ್ ಇದ್ದ ಡಬ್ಬಿ ತಂದಳು. ಆಂಟಿ ಅರ್ಧ ಮುಗಿಸಿದ್ದರು. ಉಳಿದ ಅರ್ಧವನ್ನು ಅಪ್ಪನ ಮಡಿಲಲ್ಲಿಟ್ಟಳು. "ಸೋಮವಾರದಿಂದ ನಾನು ನಿನ್ನ ಬಸ್ಸಿಗೇ ಬರ್ತೀನಿ. ನೀನು ತಿಂದ್ರೆ ಮಾತ್ರ."

"ಬಸ್ ನಿಲ್ಲಿಸಬೇಕಾದ್ರೆ?"

"ನಿಲ್ಲಿಸು."

ಅಪ್ಪ ಅವಳ ಮುಖ ನೋಡಿದ. ಆಮೇಲೆ ನಿಧಾನವಾಗಿ ತಿನ್ನತೊಡಗಿದ.

ಸೋಮವಾರ ಏನೂ ಆಗಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಬಂಕ್ ಕಾಣುವಷ್ಟರಲ್ಲಿ ಬಸ್ಸು ಬದಿಗೆ ಸರಿದು ನಿಂತಿತು. ಅಪ್ಪ ಓಡಿದ.

"ಶುರುವಾಯ್ತಪ್ಪ!" ಎಂದರು ಯಾರೋ. "ಕಂಪ್ಲೇಂಟ್ ಕೊಡಬೇಕು ಇವರ ಮೇಲೆ," ಎಂದರು ಇನ್ನೊಬ್ಬರು.

ಚೋಟಿ ಎದ್ದು ನಿಂತಳು. ಎದ್ದರೂ ಯಾರಿಗೂ ಕಾಣಲಿಲ್ಲ. ಶೂ ಬಿಚ್ಚಿ ಸೀಟಿನ ಮೇಲೆ ಹತ್ತಿದಳು.

"ಅವರು ನಮ್ಮಪ್ಪ," ಎಂದಳು. "ಅವರಿಗೆ ಕರುಳಲ್ಲಿ ಹುಣ್ಣಾಗಿದೆ. ತಡ್ಕೊಳ್ಳೋಕಾಗಲ್ಲ. ಸ್ವಲ್ಪ ಹೊತ್ತು ಬೇಕು."

ರೇಡಿಯೋ ಬಾಯಿ ತೆರೆದುಕೊಂಡು ನೋಡುತ್ತಿದ್ದಳು. "ಅವತ್ತು ಅಲ್ಲ ಅಂದ್ಯಲ್ಲ?"

"ಸುಳ್ಳು ಹೇಳಿದ್ದೆ. ಅವತ್ತೂ ಇವರೇ."

ಚರ್ಮದ ಬ್ಯಾಗು ತಬ್ಬಿಕೊಂಡು ಕೂತಿದ್ದ ದಪ್ಪನೆಯ ಯಜಮಾನರು ಕೇಳಿದರು: "ಏನಮ್ಮ ಅದು? ಏನಂತಾರೆ ಆ ಕಾಯಿಲೆಗೆ?"

"ಗೊತ್ತಿಲ್ಲ. ಡಾಕ್ಟರಿಗೂ ಇನ್ನೂ ಗೊತ್ತಾಗಿಲ್ಲ."

ಕಂಪ್ಲೇಂಟ್ ಅಂದವರು ಕಿಟಕಿಯಾಚೆಯ ಗೋಡೆ ನೋಡುತ್ತ ಕೂತರು. ಯಜಮಾನರು ಬ್ಯಾಗನ್ನು ಸೀಟಿನ ಮೇಲಿಟ್ಟು ಎದ್ದು ಬಂದು, ಕಂಡಕ್ಟರ್ ಆಂಟಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು. ಆದರೆ ಅವರ ಪಿಸುಮಾತು ಇಡೀ ಬಸ್ಸಿಗೆ ಕೇಳಿಸಿತು.

"ಬಂಕಲ್ಲಿ ಎಲ್ಲಿದೆಯಮ್ಮಾ ಅದು? ನಂಗೆ ಶುಗರ್ ಇದೆ. ಅರ್ಧ ಗಂಟೆಯಿಂದ ಹಲ್ಲು ಕಚ್ಕೊಂಡು ಕೂತಿದೀನಿ."

ಅವರು ಇಳಿದು ಹೋದರು. ಅಪ್ಪ ಇನ್ನೊಂದು ಬದಿಯಿಂದ ಬಂದು ಹತ್ತಿದ. ಬೈಗುಳ ಬೀಳುತ್ತದೆಂದು ಭುಜ ಕುಗ್ಗಿಸಿಕೊಂಡಿದ್ದ. ಯಾರೂ ಏನೂ ಅನ್ನಲಿಲ್ಲ. ಗೇರಿಗೆ ಕೈ ಹಾಕಿದ.

"ತಡೀರಿ ಅಣ್ಣ," ಎಂದರು ಆಂಟಿ. "ಇನ್ನೊಬ್ರು ಬರಬೇಕು."

"ಎಲ್ಲಿಗೆ ಹೋದ್ರು?"

"ನೀವು ಹೋದಲ್ಲಿಗೇ."

ಅಪ್ಪನಿಗೆ ನಗು ಬಂತು. ರೇಡಿಯೋ ಕಿಟಕಿಯಿಂದ ತಲೆ ಹಾಕಿ ನೋಡಿ, "ಇನ್ನೂ ಬಂದಿಲ್ಲ," ಎಂದು ಎಲ್ಲರಿಗೂ ಸುದ್ದಿ ಕೊಟ್ಟಳು.

ಅಪ್ಪ ಹಿಂದೆ ತಿರುಗಿದ. ಚೋಟಿ ಇನ್ನೂ ಸೀಟಿನ ಮೇಲೆ ಬರಿಗಾಲಲ್ಲಿ ನಿಂತಿದ್ದಳು.

"ಸ್ಕೂಲಿಗೆ ಲೇಟಾಗುತ್ತೇನೇ?"

"ಆಗುತ್ತೆ ಅಪ್ಪಾ," ಎಂದಳು ಅವಳು, ಹಿಂದಿನ ಸೀಟಿನವರೆಗೂ ಕೇಳುವ ಹಾಗೆ. "ಪರವಾಗಿಲ್ಲ. ಅವರು ನಿಧಾನಕ್ಕೆ ಬರಲಿ."

ಅಪ್ಪ ಎಂಜಿನ್ ಆಫ್ ಮಾಡಿದ. ಎಲ್ಲರೂ ಕಾಯುತ್ತ ಕೂತರು.