ಹದಿನಾಲ್ಕನೇ ಸಾಲಿನ ತಪ್ಪು

ನೀರು ಸರಬರಾಜು ಕಚೇರಿಯ ಸರ್ವರ್ ರೂಮಿಗೆ ಪಂಪ್ ಹೌಸಿನಿಂದ ಅವನು ಮೊದಲ ಸಲ ಬಂದದ್ದು ಜಗಳವಾಡಲಿಕ್ಕೆ. ಟ್ಯಾಂಕಿನ ನೀರು ಹತ್ತು ಅಡಿಗಿಂತ ಕೆಳಗಿಳಿದರೆ ತನ್ನ ಫೋನಿಗೆ ಮೆಸೇಜ್ ಬರಲಿ ಎಂದು ಕಂಪ್ಯೂಟರಿನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಬರೆದುಕೊಂಡಿದ್ದ. ನೀರು ಇಳಿಯಿತು. ಮೆಸೇಜ್ ಬರಲಿಲ್ಲ. ಮೇಲಿನವರಿಂದ ಬೈಗುಳ ಮಾತ್ರ ಸರಿಯಾದ ಹೊತ್ತಿಗೆ ಬಂತು.

"ನಿಮ್ಮ ಸರ್ವರ್ ಕೆಟ್ಟಿದೆ ಮೇಡಂ," ಅಂದ.

ಸರ್ವರ್ ನೋಡಿಕೊಳ್ಳುತ್ತಿದ್ದ ಅವಳು ಅವನ ಫೈಲ್ ತೆರೆದು ಒಂದು ಗಳಿಗೆ ನೋಡಿದಳು. "ಸರ್ವರ್ ಗಟ್ಟಿಯಾಗಿದೆ. ಬ್ರಾಕೆಟ್ ಪಕ್ಕ ಜಾಗ ಬಿಟ್ಟಿಲ್ಲ ನೀವು, ಅದಕ್ಕೆ ಉಸಿರು ಕಟ್ಟಿದೆ. ಇಫ್ ಅಂತ ಶುರು ಮಾಡಿದ್ದನ್ನ ಕೊನೇಲಿ ಮುಚ್ಚಿಯೂ ಇಲ್ಲ. ಮನೆ ಬಾಗಿಲನ್ನೂ ಹೀಗೇ ಬಿಟ್ಟು ಬರ್ತೀರಾ?"

ಸಿಟ್ಟಿನಲ್ಲಿ ಬಂದವನು ನಕ್ಕುಬಿಟ್ಟ. ನಗುವಾಗ ಅವನ ಎಡಗೆನ್ನೆ ಮಾತ್ರ ಮೇಲೇಳುತ್ತಿತ್ತು. ಬಲಗೆನ್ನೆ ನಗಲೋ ಬೇಡವೋ ಎಂದು ಇನ್ನೂ ಯೋಚಿಸುತ್ತಿರುವಂತೆ ಸುಮ್ಮನಿರುತ್ತಿತ್ತು. ಅವಳು ಅದನ್ನು ನೋಡಬಾರದಿತ್ತು. ನೋಡಿದಳು.

ಅಲ್ಲಿಂದಾಚೆ ವಾರಕ್ಕೆರಡು ಸಲ, ಬೆಳಿಗ್ಗೆ ಹನ್ನೊಂದಕ್ಕೆ, ಅವನು ಒಂದಲ್ಲ ಒಂದು ಮುರಿದ ಸ್ಕ್ರಿಪ್ಟ್ ಹಿಡಿದು ಬಂದೇ ಬರುತ್ತಿದ್ದ. ಕಚೇರಿಯವರು ಅವಳಿಗೆ ಡಾಕ್ಟರಮ್ಮ ಅಂತ ಹೆಸರಿಟ್ಟರು. ಅವನನ್ನು ಅವಳು ಪಂಪ್ ಹೌಸ್ ಎಂದೇ ಕರೆಯುತ್ತಿದ್ದಳು. "ಬನ್ನಿ ಪಂಪ್ ಹೌಸ್, ಇವತ್ತು ಏನು ಕಾಯಿಲೆ?" ಪಂಪ್ ಹೌಸು ಕಾಂಪೌಂಡಿನ ಆ ತುದಿ, ಸರ್ವರ್ ರೂಮು ಈ ತುದಿ. ನಡುವೆ ನೀರು ಸೋಸುವ ಆರು ತೊಟ್ಟಿ, ಹತ್ತು ನಿಮಿಷದ ಬಿಸಿಲು. ಫೋನಿನಲ್ಲಿ ಕೇಳಿದ್ದರೂ ಆಗುತ್ತಿತ್ತು. ಅದನ್ನು ಇಬ್ಬರೂ ಹೇಳಲಿಲ್ಲ.

ಒಮ್ಮೆ ಇಬ್ಬರೂ ಒಂದೇ ಕೀಬೋರ್ಡಿನ ಮುಂದೆ ಕೂತು, ಮೂವತ್ತು ದಿನ ದಾಟಿದ ಹಳೆಯ ದಾಖಲೆಗಳನ್ನು ತಾನಾಗಿಯೇ ಅಳಿಸಿಹಾಕುವ ಸ್ಕ್ರಿಪ್ಟೊಂದನ್ನು ಬರೆದರು. ಒಂದು ಸಾಲು ಅವನದು, ಒಂದು ಸಾಲು ಅವಳದು. ಮೊಣಕೈ ತಗುಲಿದಾಗ ಅವನು ಹಿಂದಕ್ಕೆ ತೆಗೆಯಲಿಲ್ಲ, ಅವಳೂ ತೆಗೆಯಲಿಲ್ಲ. ಏಳೇ ಸಾಲಿನ ಆ ಸ್ಕ್ರಿಪ್ಟಿಗೆ ಒಂದು ಗಂಟೆ ಹಿಡಿಯಿತು.

ಅವಳೇನು ದಡ್ಡಿಯಲ್ಲ. ಎರಡನೇ ತಿಂಗಳಿಗೇ ಗುಟ್ಟು ಗೊತ್ತಾಗಿತ್ತು. ಅವನು ತಂದ ಫೈಲಿನ ಹಿಂದಿನ ದಿನದ ನಕಲು ಸರ್ವರಿನಲ್ಲಿ ಉಳಿದಿರುತ್ತಿತ್ತು. ಅದರಲ್ಲಿ ಎಲ್ಲವೂ ಸರಿ. ತಪ್ಪು ಹುಟ್ಟುತ್ತಿದ್ದದ್ದು ಬೆಳಿಗ್ಗೆ ಹತ್ತೂವರೆಗೆ, ಅವನು ಹೊರಡುವ ಮುಂಚೆ. ಮನೆಗೆ ಹೋಗಿ ಅತ್ತಿಗೆಗೆ ಹೇಳಿ ನಕ್ಕಿದ್ದಳು. ಅತ್ತಿಗೆ ನಗಲಿಲ್ಲ. ನಿನಗೂ ಮೂವತ್ತಾರು ದಾಟಿತು, ಅವನ ಕಳ್ಳತನ ಹಿಡಿದು ಕೂತಿದ್ದರೆ ಹೊಟ್ಟೆ ತುಂಬುತ್ತದೆಯೇ ಎಂದು ಕೇಳಿದಳು.

ಹೀಗೇ ಒಂದು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಅವಳು ಅವನ ಫೈಲ್ ನೋಡುತ್ತಿದ್ದಾಗ, ಅವನು ಕುರ್ಚಿಯ ಕೈ ತಿಕ್ಕುತ್ತಾ ಹೇಳಿದ: "ಅಕ್ಕ ಒಂದು ಹುಡುಗಿ ನೋಡಿದ್ದಾಳೆ. ಇನ್ನು ಹತ್ತು ದಿನದಲ್ಲಿ ಉತ್ತರ ಹೇಳ್ಬೇಕಂತೆ."

ಅಷ್ಟು ಹೇಳಿ ಅವಳ ಮುಖವನ್ನೇ ನೋಡಿದ. ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಹದಿನಾಲ್ಕನೇ ಸಾಲಲ್ಲಿ ಜಾಗ ಬಿಟ್ಟಿಲ್ಲ."

"ಹೌದಾ," ಅಂದ. ಎದ್ದು ಹೋದ.

ಆ ಸಂಜೆ ಅತ್ತಿಗೆ ಬಟ್ಟೆ ಮಡಿಸುವುದನ್ನು ಬಿಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನೀನೇ ಹೇಳ್ಬಿಡೆ. ಬಾಯೇನು ಸವೆದು ಹೋಗುತ್ತಾ?"

"ನಾನ್ಯಾಕೆ ಹೇಳ್ಲಿ? ವರ್ಷದಿಂದ ಸುಳ್ಳು ತಪ್ಪು ಹೊತ್ಕೊಂಡು ಬರ್ತಿರೋನು ಅವನು. ಒಂದು ಸಲ ಬರಿಗೈಲಿ ಬರ್ಲಿ. ನಿಮಗೋಸ್ಕರ ಬಂದೆ ಅನ್ನಲಿ. ಸಾಕು ನನಗೆ."

ಬರಿಗೈಯಲ್ಲಿ ಬರುವಂತೆ ಮಾಡುವ ಉಪಾಯವೂ ಅವಳಿಗೆ ಹೊಳೆಯಿತು. ಎರಡು ದಿನ ಕೂತು ತಪ್ಪು ಹಿಡಿಯುವ ಪ್ರೋಗ್ರಾಂ ಒಂದನ್ನು ಬರೆದಳು. ಜಾಗ ಬಿಡದ ಬ್ರಾಕೆಟ್, ಇಫ್ ಆದಮೇಲೆ ಬರೆಯಲು ಮರೆತ ದೆನ್, ಮುಚ್ಚದ ಇಫ್, ಒಂಟಿ ಉಲ್ಲೇಖ ಚಿಹ್ನೆ, ಯಾವುದಿದ್ದರೂ ಎಷ್ಟನೇ ಸಾಲು ಎಂದು ಅದೇ ಹೇಳುತ್ತಿತ್ತು. ಅವನು ವರ್ಷವಿಡೀ ತಂದ ತಪ್ಪುಗಳನ್ನೆಲ್ಲ ಒಂದೂ ಬಿಡದೆ ನೆನಪಿಸಿಕೊಂಡು ಅದರೊಳಗೆ ಸೇರಿಸಿದಳು. ಇಷ್ಟು ಮುತುವರ್ಜಿಯಿಂದ ಅವಳು ಬೇರೇನನ್ನೂ ಬರೆದಿರಲಿಲ್ಲ.

"ಇನ್ಮೇಲೆ ತಪ್ಪು ತೋರಿಸೋಕೆ ಇಷ್ಟು ದೂರ ಬರೋದು ಬೇಡ," ಎಂದು ನಗುತ್ತಾ ಅವನ ಕೈಗೆ ಒಪ್ಪಿಸಿದಳು. ಆ ನಗುವಿನಲ್ಲಿ ಉಳಿದ ಮಾತು ಇತ್ತು. ಅವನಿಗೆ ಕೇಳಿದ್ದು ಬರೀ ಹೇಳಿದ ಮಾತು.

ಅವನು ಬರಲಿಲ್ಲ. ನಾಲ್ಕು ದಿನ ಅವಳು ಹನ್ನೊಂದಕ್ಕೆ ಎದುರಿನ ಕುರ್ಚಿಯ ಧೂಳು ಒರೆಸಿದಳು. ಐದನೇ ದಿನ ಅದರ ಮೇಲೆ ಫೈಲುಗಳನ್ನು ಪೇರಿಸಿದಳು. ಅವನು ಉತ್ತರ ಹೇಳಬೇಕಾದ ಹತ್ತು ದಿನವೂ ಕಳೆಯಿತು. ತೊಟ್ಟಿಗಳನ್ನು ದಾಟಿ ತಾನೇ ಹೋಗಬಹುದಿತ್ತು. ಹಟಕ್ಕೆ ಕಾಲಿಲ್ಲ, ಅದು ಕೂತಲ್ಲೇ ಕೂತಿತು.

ಹತ್ತೊಂಬತ್ತನೇ ದಿನ ಅವನು ಬಂದ. ಬರಿಗೈಯಲ್ಲಲ್ಲ. ಮದುವೆಯ ಕಾರ್ಡನ್ನು ಮೇಜಿನ ಮೇಲಿಟ್ಟು, ಕುರ್ಚಿ ಖಾಲಿಯಿಲ್ಲದ್ದರಿಂದ ನಿಂತೇ ಇದ್ದ.

"ನೀವು ಬರಬೇಕು."

"ನೋಡೋಣ." ಕಾರ್ಡನ್ನು ಪಕ್ಕಕ್ಕೆ ಸರಿಸಿ ಕೇಳಿದಳು, "ಈ ಕಡೆ ಬರೋದೇ ಬಿಟ್ರಿ?"

"ಬರಬೇಡ ಅಂದ್ರಲ್ಲ. ನಿಮಗೆ ಸಾಕಾಯ್ತು ಅಂದ್ಕೊಂಡೆ."

"ನಾನು ಕಿತ್ಕೊಂಡಿದ್ದು ನಿಮ್ಮ ನೆಪಾನ," ಅಂದಳು. "ನಿಮ್ಮನ್ನ ಬರಬೇಡ ಅಂದಿರ್ಲಿಲ್ಲ."

ಅವನ ಎಡಗೆನ್ನೆ ಅರ್ಧ ಎದ್ದು ಅಲ್ಲೇ ನಿಂತಿತು. ಕಾರ್ಡಿನ ಕಡೆ ನೋಡಿದ, ಅವಳ ಕಡೆ ನೋಡಿದ. ಆ ಹುಡುಗಿ ಒಳ್ಳೆಯವಳು, ನನ್ನ ಮಾತು ನಂಬಿಕೊಂಡಿದ್ದಾಳೆ ಎಂದ. ಅವಳು ತಲೆಯಾಡಿಸಿದಳು. ಕೊಟ್ಟ ಮಾತು ಮುರಿಯುವವನಾಗಿದ್ದರೆ ಅವಳಿಗೇ ಬೇಕಿರಲಿಲ್ಲ.

ಬಾಗಿಲ ಹತ್ತಿರ ಹೋಗಿ ತಿರುಗಿದ. "ನಿಮ್ಮ ಪ್ರೋಗ್ರಾಂ ತುಂಬ ಚೆನ್ನಾಗಿದೆ ಮೇಡಂ. ಒಂದೂ ಬಿಡಲ್ಲ."

ಹೋದ ಮೇಲೆ ಆ ಮಾತು ಅವಳ ಕಿವಿಯಲ್ಲೇ ಉಳಿಯಿತು. ಆ ಪ್ರೋಗ್ರಾಂ ನೋಡಿದ ಪ್ರತಿಯೊಂದು ಫೈಲಿನ ದಾಖಲೆ ಅವಳದೇ ಸರ್ವರಿನಲ್ಲಿ ಇತ್ತು. ಈವರೆಗೆ ತೆರೆದಿರಲಿಲ್ಲ. ತೆರೆದಳು.

ಪ್ರೋಗ್ರಾಂ ಕೊಟ್ಟ ಮಾರನೇ ದಿನದಿಂದಲೇ ಶುರುವಾಗಿತ್ತು. ಪಂಪ್ ಹೌಸಿನಿಂದ, ಅದೇ ಒಂದು ಫೈಲು, ಎಂಟು ದಿನ, ನಲವತ್ತೊಂದು ಸಲ. ಪ್ರತಿ ಸಲವೂ ಹೊಸದೊಂದು ತಪ್ಪು. ಯಾರೂ ಮಾಡದಂಥ, ಬೇಕೆಂದೇ ಹೆಣೆದ ತಪ್ಪುಗಳು. ಯಂತ್ರಕ್ಕೆ ಸಿಗದ ಒಂದೇ ಒಂದು ತಪ್ಪು ಸಿಕ್ಕಿದ್ದರೆ ಅದನ್ನು ಹಿಡಿದುಕೊಂಡು ಹತ್ತು ನಿಮಿಷದ ಬಿಸಿಲಿನಲ್ಲಿ ನಡೆದು ಬರುತ್ತಿದ್ದ. ಅವಳ ಪ್ರೋಗ್ರಾಂ ನಲವತ್ತೊಂದನ್ನೂ ಹಿಡಿದಿತ್ತು. ಕೊನೆಯದು ಹದಿನಾಲ್ಕನೇ ಸಾಲು, ಬ್ರಾಕೆಟ್ ಪಕ್ಕ ಜಾಗವಿಲ್ಲ. ಅದರ ಕೆಳಗೆ, ಅಕ್ಕನಿಗೆ ಉತ್ತರ ಹೇಳಬೇಕಾದ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಒಂದು ಸರಿಯಾದ ಫೈಲು. ಯಂತ್ರದ ಉತ್ತರ: ತಪ್ಪಿಲ್ಲ.

ಮೂವತ್ತು ದಿನವಾದರೆ ಈ ದಾಖಲೆಯೂ ಅಳಿಸಿಹೋಗುತ್ತದೆ ಎಂಬುದು ಆಮೇಲೆ ನೆನಪಾಯಿತು. ಇಬ್ಬರೂ ಮೊಣಕೈ ತಾಗಿಸಿಕೊಂಡು ಬರೆದ ಆ ಏಳು ಸಾಲುಗಳನ್ನು ತೆರೆದಳು. ಬ್ರಾಕೆಟ್ಟಿನ ಎರಡೂ ಕಡೆ ಜಾಗ ಇತ್ತು. ದೆನ್ ಇತ್ತು. ಇಫ್ ಮುಚ್ಚಿತ್ತು. ಒಂದು ಜಾಗ ತೆಗೆದರೆ ಸಾಕು, ಅದು ನಿಂತುಹೋಗುತ್ತದೆ, ಆ ನಲವತ್ತೊಂದು ತಪ್ಪುಗಳು ಎಂದೆಂದಿಗೂ ಅವಳ ಹತ್ತಿರ ಉಳಿಯುತ್ತವೆ.

ಬೆರಳು ಕೀಬೋರ್ಡಿನ ಅಳಿಸುವ ಕೀಲಿಯ ಮೇಲೆ ಬಹಳ ಹೊತ್ತು ನಿಂತಿತ್ತು. ಬೇಕೆಂದೇ ತಪ್ಪು ಮಾಡುವುದು ಅವನಿಗೆ ಎಷ್ಟು ಸಲೀಸಾಗಿತ್ತು. ಅವಳ ಕೈಗೆ ಅದು ಬರಲಿಲ್ಲ.

ಫೈಲ್ ಮುಚ್ಚಿದಳು. ಎದುರಿನ ಕುರ್ಚಿಯ ಮೇಲಿದ್ದ ಫೈಲುಗಳನ್ನು ಒಂದೊಂದಾಗಿ ಇಳಿಸಿ, ಧೂಳು ಒರೆಸಿದಳು.